ಇಬ್ಬರಿಗೂ ಎಚ್‌ಐವಿ ಇರುವ ದಂಪತಿಗೆ ‘ತಳಿ ಬೆರಕೆ’ಯ ಬಗ್ಗೆ ಏನು ಹೇಳಬೇಕು?

ಘಟಪ್ರಭಾ ದಂಡೆ (ಪ್ರಶ್ನೆ ಕೇಳಿದವರು)

ಬಾಗಲಕೋಟೆ ಜಿಲ್ಲೆಯ ಒಂದು ಐಸಿಟಿಸಿಯಲ್ಲಿ (ಎಚ್‌ಐವಿ ಪರೀಕ್ಷೆ, ಸಮಾಲೋಚನೆ ನಡೆಯುವ ಕೇಂದ್ರ) ಆಪ್ತಸಮಾಲೋಚಕಿಯಾಗಿದ್ದೇನೆ. ಗಂಡ ಹೆಂಡತಿ ಇಬ್ಬರಿಗೂ ಸೋಂಕು ಇರುವ ದಂಪತಿಗಳು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ. ಅವರಿಗೆ ತಪ್ಪದೆ ಹೇಳುವ ಒಂದು ಮಾತಿದೆ: “ಇಬ್ಬರಿಗೂ ಇದೆಯಲ್ಲ ಎಂದು ಕಾಂಡೋಮ್ ಬಿಡಬೇಡಿ. ಒಬ್ಬರ ವೈರಸ್ ಇನ್ನೊಬ್ಬರದರ ಜೊತೆ ಬೆರೆತು ಬೇರೆ ತಳಿ ಹುಟ್ಟುತ್ತದೆ.” ತರಬೇತಿಯಲ್ಲಿ ಕಲಿತದ್ದು ಇದು.

ಮೊನ್ನೆ ಒಬ್ಬರು ಬಂದಿದ್ದರು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರು, ಹೆಚ್ಚು ಓದಿದವರಲ್ಲ. ನಾನು ಈ ಮಾತು ಹೇಳಿದ ಕೂಡಲೇ, “ಮೇಡಂ, ನನ್ನಿಂದಲೇ ಇವಳಿಗೆ ಬಂದಿರಬೇಕು. ಹಾಗಾದರೆ ಎರಡೂ ಒಂದೇ ವೈರಸ್ ಆಯಿತಲ್ಲ? ಒಂದೇ ಆದಮೇಲೆ ಬೆರೆಯಲು ಏನಿದೆ?” ಎಂದರು. ನಾನು ಏನೋ ಹೇಳಿ ಸಾಗಿಸಿದೆ. ಅವರಿಗೂ ಒಪ್ಪಿಗೆಯಾಗಲಿಲ್ಲ, ನನಗೂ ಇಲ್ಲ.

ಮನೆಗೆ ಬಂದು ಓದಲು ಕುಳಿತರೆ ತಲೆ ಇನ್ನೂ ಕೆಟ್ಟಿತು. ಭಾರತದಲ್ಲಿರುವುದು ಹೆಚ್ಚಾಗಿ ಸಬ್‌ಟೈಪ್ ಸಿ (ವೈರಸ್‌ನ ಒಂದು ಉಪಬಗೆ) ಎಂದು ಎಲ್ಲ ಕಡೆ ಬರೆದಿದ್ದಾರೆ. ಎಲ್ಲರಲ್ಲೂ ಸಿ ಇದ್ದರೆ ಬೆರಕೆಯ ಮಾತು ಎಲ್ಲಿಂದ ಬಂತು? ಅಷ್ಟಕ್ಕೂ ಗಂಡು ಹೆಣ್ಣು ಎಂಬ ಭೇದವೇ ಇಲ್ಲದ ವೈರಸ್‌ಗಳು ಬೆರೆಯುವುದು ಹೇಗೆ? ಹಾಗೆ ಬೆರೆತರೆ ಈಗ ಕೊಡುತ್ತಿರುವ ಮಾತ್ರೆ ನಾಟುವುದಿಲ್ಲವೇ? ತಿಳಿದವರು ಬಿಡಿಸಿ ಹೇಳಿ. ‘ಪಠ್ಯದಲ್ಲಿ ಹಾಗಿದೆ’ ಎನ್ನುವ ಉತ್ತರ ನನ್ನ ಬಳಿಯೂ ಇದೆ, ಅದು ಬೇಡ.


ಔಷಧಿ ಅಂಗಡಿ

ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಮೇಡಂ. ಇಬ್ಬರೂ ಮಾತ್ರೆ ತಪ್ಪಿಸದಿದ್ದರೆ, ಇಬ್ಬರ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್‌ನ ಪ್ರಮಾಣ) ಕಂಡುಬರದ ಮಟ್ಟದಲ್ಲಿದ್ದರೆ, ಬೆರಕೆಯೂ ಇಲ್ಲ, ಗಿರಕೆಯೂ ಇಲ್ಲ. ಜನರನ್ನು ಹೆದರಿಸಿ ಹೆದರಿಸಿಯೇ ಅವರು ಕೇಂದ್ರಕ್ಕೆ ಬರುವುದನ್ನು ಬಿಡುತ್ತಾರೆ.


ಹಳೆಯ ಪಿಪೆಟ್

ಅಂಗಡಿಯವರು ಹೇಳಿದ ತೀರ್ಮಾನ ಸರಿಯಾಗಿದೆ, ಕಾರಣವನ್ನು ಅವರು ಹೇಳಲಿಲ್ಲ. ಕಾರಣ ಗೊತ್ತಿಲ್ಲದೆ ಆ ಟ್ರ್ಯಾಕ್ಟರ್ ಚಾಲಕರನ್ನು ಒಪ್ಪಿಸಲು ಆಗುವುದಿಲ್ಲ. ಅವರು ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ನಾನು ಬೆಂಗಳೂರಿನಲ್ಲಿ ವೈರಸ್ ಸೀಕ್ವೆನ್ಸಿಂಗ್ (ವೈರಸ್‌ನ ಆನುವಂಶಿಕ ಅಕ್ಷರಗಳನ್ನು ಓದುವ ಕೆಲಸ) ಮಾಡುತ್ತಲೇ ನಿವೃತ್ತನಾದವನು. ವೈದ್ಯನಲ್ಲ, ಮಾತ್ರೆಯ ವಿಚಾರವನ್ನು ವೈದ್ಯರೇ ಹೇಳಲಿ.

ಎಚ್‌ಐವಿಯ ಒಂದೊಂದು ಕಣದೊಳಗೂ ಆರ್‌ಎನ್‌ಎಯ ಎರಡು ಎಳೆಗಳಿರುತ್ತವೆ. ಎರಡರಲ್ಲೂ ವೈರಸ್‌ನ ಪೂರ್ತಿ ಪಾಠವಿದೆ, 9,000ಕ್ಕೂ ಹೆಚ್ಚು ಅಕ್ಷರ. ಕಣ ಜೀವಕೋಶದೊಳಗೆ ಹೊಕ್ಕಮೇಲೆ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವ ಆರ್‌ಎನ್‌ಎಯನ್ನು ಓದುತ್ತ ಡಿಎನ್‌ಎ ಬರೆಯುತ್ತದೆ. ಒಂದೇ ಕಾವ್ಯದ ಎರಡು ಓಲೆಗರಿ ಕಟ್ಟುಗಳನ್ನು ಮುಂದಿಟ್ಟುಕೊಂಡು ಮೂರನೆಯದನ್ನು ಬರೆಯುತ್ತಿರುವ ಲಿಪಿಕಾರನನ್ನು ನೆನೆಯಿರಿ. ಈತ ಒಂದು ಕಟ್ಟಿನಲ್ಲಿ ನಾಲ್ಕು ಪದ್ಯ ನೋಡಿ ಬರೆದು, ಕಣ್ಣು ಜಾರಿ ಇನ್ನೊಂದಕ್ಕೆ ಹೋಗಿ, ಅಲ್ಲಿಂದ ಮುಂದುವರಿಸುತ್ತಾನೆ. ಮತ್ತೆ ಮೊದಲಿನದಕ್ಕೆ ಬರುತ್ತಾನೆ. ಒಂದು ಪ್ರತಿ ಮುಗಿಯುವಷ್ಟರಲ್ಲಿ ಇಂಥ ಜಿಗಿತ ಹಲವು ಆಗುತ್ತವೆ. ಇದರ ಜೊತೆಗೆ ಕಾಗುಣಿತದ ತಪ್ಪು ಬೇರೆ: ಬರೆದದ್ದನ್ನು ತಿದ್ದಿ ನೋಡುವ ಅಭ್ಯಾಸ ಈ ಕಿಣ್ವಕ್ಕೆ ಇಲ್ಲವೇ ಇಲ್ಲ. ಸರಾಸರಿ ಮೂರು ಪ್ರತಿಗೆ ಒಂದು ತಪ್ಪು. ಚಿಕಿತ್ಸೆಯಿಲ್ಲದ ಒಬ್ಬ ಸೋಂಕಿತನ ದೇಹದಲ್ಲಿ ದಿನಕ್ಕೆ ಸುಮಾರು 1,000 ಕೋಟಿ ಹೊಸ ಕಣಗಳು ಹುಟ್ಟುತ್ತವೆ ಎಂಬುದನ್ನು ಇದರ ಪಕ್ಕದಲ್ಲಿಟ್ಟರೆ, ಲಸಿಕೆ ಮಾಡುವವರು ಏಕೆ ಹೈರಾಣಾಗಿದ್ದಾರೆ ಎಂದು ತಿಳಿಯುತ್ತದೆ.

ಎರಡು ಕಟ್ಟಿನಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಪಾಠವಿದ್ದರೆ ಜಿಗಿದರೂ ಜಿಗಿಯದಿದ್ದರೂ ಒಂದೇ. ಚಾಲಕರು ಹೇಳಿದ್ದು ಇದನ್ನೇ, ಮತ್ತು ಅವರ ತರ್ಕ ಸರಿ. ಆದರೆ ಅವರ ವೈರಸ್ಸೂ ಹೆಂಡತಿಯ ವೈರಸ್ಸೂ ಒಂದೇ ಆಗಿದ್ದದ್ದು ಸೋಂಕು ದಾಟಿದ ದಿನ ಮಾತ್ರ. ಗಂಡು ಹೆಣ್ಣಿನ ನಡುವೆ ದಾಟುವಾಗ ಬಹುಪಾಲು ಸಂದರ್ಭಗಳಲ್ಲಿ ಬೇರೂರುವುದು ಒಂದೇ ಒಂದು ವೈರಸ್‌ನ ಸಂತತಿ. ಅದಾದಮೇಲೆ ಇವರ ದೇಹದಲ್ಲಿ ಅದು ಒಂದು ದಾರಿ ಹಿಡಿಯುತ್ತದೆ, ಅವರ ದೇಹದಲ್ಲಿ ಇನ್ನೊಂದು. ರೋಗನಿರೋಧಕ ಶಕ್ತಿ ಇಬ್ಬರದೂ ಬೇರೆ, ಮಾತ್ರೆ ಬಿಟ್ಟ ದಿನಗಳೂ ಬೇರೆ. ಹತ್ತು ವರ್ಷವಾದಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಮೂಲ ಒಂದೇ ಎಂದು ಕಾಣುತ್ತದೆ, ಪಾಠಾಂತರಗಳೂ ಎದ್ದು ಕಾಣುತ್ತವೆ.

ಇನ್ನೊಂದು ಸಂಗತಿಯನ್ನು ತರಬೇತಿಯಲ್ಲಿ ಹೇಳುವುದಿಲ್ಲ. ಬೆರಕೆಗೆ ಎರಡನೆಯ ವ್ಯಕ್ತಿಯೇ ಬೇಕಾಗಿಲ್ಲ. ಮಾತ್ರೆಯಿಲ್ಲದ ಒಬ್ಬನ ದೇಹದಲ್ಲೇ ಅವನದೇ ವೈರಸ್‌ನ ನೂರಾರು ರೂಪಗಳು ತಮ್ಮತಮ್ಮೊಳಗೆ ದಿನವೂ ಬೆರೆಯುತ್ತಿರುತ್ತವೆ. ಇದು ಎಚ್‌ಐವಿಯ ದಿನನಿತ್ಯದ ಬದುಕು.

ಆದರೆ ಇಬ್ಬರ ವೈರಸ್ ಬೆರೆಯಬೇಕಾದರೆ ನಡುವೆ ಮೆಟ್ಟಿಲುಗಳಿವೆ. ಮೊದಲು ಎರಡನೆಯ ವೈರಸ್ ದೇಹದಲ್ಲಿ ನೆಲೆಯೂರಬೇಕು. ಇದಕ್ಕೆ ಸೂಪರ್‌ಇನ್ಫೆಕ್ಷನ್ ಎನ್ನುತ್ತಾರೆ. ಮನುಷ್ಯರಲ್ಲಿ ಇದು ಆಗುತ್ತದೆ ಎಂದು 2002ರಲ್ಲಿ ಗಟ್ಟಿ ಪುರಾವೆಯೊಂದಿಗೆ ವರದಿಯಾಯಿತು. ನಂತರ ಒಂದೇ ಜೀವಕೋಶದೊಳಗೆ ಎರಡೂ ಹೊಗಬೇಕು. ಅಲ್ಲಿಂದ ಹೊರಬೀಳುವ ಕಣದಲ್ಲಿ ಇದರದೊಂದು ಎಳೆ, ಅದರದೊಂದು ಎಳೆ ಜೊತೆಯಾಗಬೇಕು. ಇಷ್ಟಾದರೂ ಬೆರಕೆ ಇನ್ನೂ ಹುಟ್ಟಿಲ್ಲ! ಆ ಕಣ ಮತ್ತೊಂದು ಜೀವಕೋಶವನ್ನು ಹೊಕ್ಕು, ಅಲ್ಲಿ ಕಿಣ್ವ ಬರೆಯಲು ಕುಳಿತಾಗ ಹುಟ್ಟುತ್ತದೆ. ಎಳೆಗಳು ಜೊತೆಯಾಗುವುದು ಕೂಡ ಸಲೀಸಲ್ಲ. ಆರ್‌ಎನ್‌ಎಯ ತುದಿಯ ಹತ್ತಿರ ಆರು ಅಕ್ಷರಗಳ ಒಂದು ಕೊಂಡಿಯಿದೆ. ಸಬ್‌ಟೈಪ್ ಬಿಯಲ್ಲಿ ಅದು ಜಿಸಿಜಿಸಿಜಿಸಿ, ಸಿಯಲ್ಲಿ ಸಾಮಾನ್ಯವಾಗಿ ಜಿಯುಜಿಸಿಎಸಿ. ಕೊಂಡಿ ಹೊಂದದಿದ್ದರೆ ಜೋಡಿ ಕೂಡುವುದು ಕಡಿಮೆ. ಅಂದರೆ ಬಿ ಮತ್ತು ಸಿ ಕೂಡುವುದಕ್ಕಿಂತ ಸಿ ಮತ್ತು ಸಿ ಕೂಡುವುದೇ ಸುಲಭ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ‘ಎಲ್ಲವೂ ಸಿ’ ಎಂದರೆ ಎಲ್ಲವೂ ಒಂದೇ ಎಂದಲ್ಲ. ಸಿಯೊಳಗೇ ಬೇಕಾದಷ್ಟು ವ್ಯತ್ಯಾಸವಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದ ಉದಯಕುಮಾರ್ ರಂಗ ಅವರ ತಂಡ 2012ರಲ್ಲಿ ಪ್ರಕಟಿಸಿದ್ದು ನೋಡಿ. ವೈರಸ್‌ನ ಜೀನುಗಳನ್ನು ಚಾಲೂ ಮಾಡುವ ಭಾಗದಲ್ಲಿ ಎನ್‌ಎಫ್–ಕಪ್ಪಾ ಬಿ ಎಂಬ ಪ್ರೋಟೀನು ಬಂದು ಕೂರುವ ತಾಣಗಳಿವೆ. ಸಬ್‌ಟೈಪ್ ಬಿಯಲ್ಲಿ ಸಾಮಾನ್ಯವಾಗಿ 2, ಸಿಯಲ್ಲಿ 3. ಇವರಿಗೆ ಭಾರತದ ಸೋಂಕಿತರಲ್ಲಿ 4 ತಾಣಗಳಿರುವ ಸಿ ತಳಿ ಸಿಕ್ಕಿತು. ಲಿಪಿಕಾರ ಒಂದೇ ಸಾಲನ್ನು ಎರಡು ಸಲ ಬರೆದ ಹಾಗೆ ಒಂದು ತುಣುಕು ಇಮ್ಮಡಿಯಾಗಿದೆ. ಸಿ ಸಿಯೊಂದಿಗೆ ಬೆರೆಯುತ್ತಲೇ ಇರುತ್ತದೆ. ಎರಡು ಪಾಠಗಳಲ್ಲಿ ವ್ಯತ್ಯಾಸ ಕಡಿಮೆ ಇರುವುದರಿಂದ ಎರಡು ತುಣುಕುಗಳು ಸೇರಿದ ಹೊಲಿಗೆ ಎಲ್ಲಿದೆ ಎಂದು ನಮಗೆ ಕಾಣುವುದಿಲ್ಲ, ಅಷ್ಟೇ.

ಬೇರೆ ಬೇರೆ ಸಬ್‌ಟೈಪ್‌ಗಳು ಬೆರೆತಾಗ ಮಾತ್ರ ಹೊಲಿಗೆ ಕಣ್ಣಿಗೆ ಹೊಡೆಯುತ್ತದೆ. 1999ರಲ್ಲಿ ಪುಣೆಯ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆಯವರೂ ಅಮೆರಿಕದ ಸಹೋದ್ಯೋಗಿಗಳೂ ಭಾರತೀಯ ಸಿ ವೈರಸ್‌ಗಳ ಪೂರ್ಣ ಜೀನೋಮ್ (ಮೊದಲಿನಿಂದ ಕೊನೆಯವರೆಗಿನ ಪಾಠ) ಪ್ರಕಟಿಸಿದರು. ಅವುಗಳಲ್ಲಿ ಒಂದು ಶುದ್ಧ ಸಿ ಆಗಿರಲಿಲ್ಲ, ನಡುವೆ ಸಬ್‌ಟೈಪ್ ಎ ತುಣುಕುಗಳಿದ್ದವು. ಅದನ್ನು ತೋರಿಸಲು ಬಳಸಿದ ಸಿಮ್‌ಪ್ಲಾಟ್ ಎಂಬ ತಂತ್ರಾಂಶವನ್ನು ಕೊರೊನಾ ಕಾಲದಲ್ಲಿ ಕೂಡ ಜನ ಬಳಸಿದರು. ನಾನು ಅದರ ಮುಂದೆ ಕಳೆದ ಸಂಜೆಗಳಿಗೆ ಲೆಕ್ಕವಿಲ್ಲ. ಮುನ್ನೂರು ನಾನೂರು ಅಕ್ಷರಗಳ ಒಂದು ಕಿಟಕಿ ಜೀನೋಮಿನ ಮೇಲೆ ಮೆಲ್ಲಗೆ ಸರಿಯುತ್ತದೆ. ಪ್ರತಿ ಹೆಜ್ಜೆಯಲ್ಲೂ ನಿಮ್ಮ ವೈರಸ್ ಎಗೆ ಎಷ್ಟು ಹತ್ತಿರ, ಬಿಗೆ ಎಷ್ಟು, ಸಿಗೆ ಎಷ್ಟು ಎಂದು ಬಣ್ಣದ ಗೆರೆಗಳು ಏರಿಳಿಯುತ್ತವೆ. ಸಿಯ ಗೆರೆ ಮೇಲಿನಿಂದ ನೇರವಾಗಿ ಬರುತ್ತಿದ್ದದ್ದು ಒಂದು ಕಡೆ ದಡಕ್ಕನೆ ಬೀಳುತ್ತದೆ, ಎ ಗೆರೆ ಅದರ ಜಾಗಕ್ಕೆ ಏರುತ್ತದೆ. ಎರಡೂ ಕತ್ತರಿಸುವ ಜಾಗವೇ ಹೊಲಿಗೆ.

ಹಾಗೆ ಕಂಡಕೂಡಲೇ ಕುಣಿಯುವಂತಿಲ್ಲ. ಪರೀಕ್ಷೆಗೆಂದು ಜೀನೋಮಿನ ನಕಲುಗಳನ್ನು ಹೆಚ್ಚಿಸುವ ಪಿಸಿಆರ್ ಟ್ಯೂಬಿನಲ್ಲೂ ಇಂಥದೇ ಜಿಗಿತ ಆಗುತ್ತದೆ. ಅರ್ಧ ನಕಲಾಗಿ ಕಳಚಿಕೊಂಡ ಎಳೆ ಮುಂದಿನ ಸುತ್ತಿನಲ್ಲಿ ಬೇರೊಂದಕ್ಕೆ ಅಂಟಿ ಬೆಳೆಯುತ್ತದೆ. ರೋಗಿಯಲ್ಲಿ ಇಲ್ಲದ ಬೆರಕೆ ನಿಮ್ಮ ಟ್ಯೂಬಿನಲ್ಲಿ ಹುಟ್ಟುತ್ತದೆ. ಇದನ್ನು ತಪ್ಪಿಸಲು ಮಾದರಿಯನ್ನು ತೆಳುಮಾಡುತ್ತ ಹೋಗಬೇಕು. 96 ಗುಳಿಗಳ ತಟ್ಟೆಯಲ್ಲಿ ಶೇ 30ಕ್ಕಿಂತ ಕಡಿಮೆ ಗುಳಿಗಳಲ್ಲಿ ಮಾತ್ರ ಫಲಿತಾಂಶ ಬರುವಷ್ಟು ತೆಳು. ಆಗ ಒಂದು ಗುಳಿಯಲ್ಲಿ ಹೆಚ್ಚಾಗಿ ಒಂದೇ ಜೀನೋಮ್ ಇರುತ್ತದೆ, ಜಿಗಿಯಲು ಜೊತೆಯೇ ಇರುವುದಿಲ್ಲ. ಹೊಸಬರು ತಟ್ಟೆ ತುಂಬ ಫಲಿತಾಂಶ ಬಂತೆಂದು ಸಂತೋಷಪಡುತ್ತಿದ್ದರು, ನಾವು ಅದನ್ನು ಚೆಲ್ಲಲು ಹೇಳುತ್ತಿದ್ದೆವು.

ಸಿಆರ್‌ಎಫ್ ಎಂಬ ಹೆಸರು ನೀವು ಓದುವಾಗ ಕಂಡಿರಬಹುದು, ಅದು ಹೀಗೆ ಬೆರೆತು, ಮುಂದೆ ಒಬ್ಬರಿಂದ ಒಬ್ಬರಿಗೆ ಹರಡಿ ನೆಲೆನಿಂತ ತಳಿ. ಪರಸ್ಪರ ನಂಟಿಲ್ಲದ ಕನಿಷ್ಠ ಮೂವರಲ್ಲಿ ಅದೇ ಹೊಲಿಗೆಗಳು ಅದೇ ಜಾಗದಲ್ಲಿ ಕಂಡರೆ ಮಾತ್ರ ಆ ಪಟ್ಟ. ಈಗ ಅಂಥವು 100ಕ್ಕೂ ಹೆಚ್ಚು. ನಮಗೆ ಹತ್ತಿರದ ಉದಾಹರಣೆ 07_ಬಿಸಿ. ಭಾರತದ ಸಿಗೆ ತೀರ ಹತ್ತಿರದ ವೈರಸ್ಸೂ ಥಾಯ್ಲೆಂಡಿನ ಬಿ ವೈರಸ್ಸೂ ಚೀನಾದ ಯುನ್ನಾನಿನ ಕಡೆ, ಸೂಜಿ ಹಂಚಿಕೊಂಡು ಹೆರಾಯಿನ್ ಚುಚ್ಚಿಕೊಳ್ಳುವವರಲ್ಲಿ ಸಂಧಿಸಿದವು. ಅಲ್ಲಿಂದ ಒಂದು ಬೆರಕೆ ಹೆರಾಯಿನ್ ಸಾಗಣೆಯ ದಾರಿ ಹಿಡಿದು ವಾಯವ್ಯದ ಶಿನ್‌ಜಿಯಾಂಗ್‌ಗೆ ಹೋಯಿತು (ಅದೇ 07), ಇನ್ನೊಂದು ಪೂರ್ವದ ಗುವಾಂಗ್ಶಿಗೆ (ಅದು 08). ನಮ್ಮ ಮಣಿಪುರದಲ್ಲೂ ಸೂಜಿಯ ದಾರಿಯಲ್ಲೇ ಬಿ, ಸಿ ಎರಡೂ ಬಂದು ಬೆರೆತವು. ಬಾಗಲಕೋಟೆಯಲ್ಲಿ ನಿಮಗೆ ಇಂಥದು ಸಿಗುವ ಸಂಭವ ಕಡಿಮೆ, ಏಕೆಂದರೆ ಬೆರೆಯಲು ಬೇರೆ ಸಬ್‌ಟೈಪ್‌ಗಳೇ ಅಲ್ಲಿ ಅಪರೂಪ.


ಸಂದೇಹಿ ಸಂಕೇಶ್ವರ

ಪಿಪೆಟ್ ಸರ್, ನೀವು ಇಷ್ಟು ಸಮಾಧಾನವಾಗಿ ಬರೆದಿದ್ದೀರಿ. ಆದರೆ ಎರಡು ತಳಿ ಬೆರೆತರೆ ಎರಡರ ಬಲವೂ ಸೇರಿದ ಮಹಾಮಾರಿ ಹುಟ್ಟುವುದಿಲ್ಲವೇ? ನೆದರ್ಲೆಂಡ್ಸ್‌ನಲ್ಲಿ ಭಯಂಕರ ತಳಿ ಸಿಕ್ಕಿದೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಹೈಬ್ರಿಡ್ ಜೋಳ ಹೆಚ್ಚು ಇಳುವರಿ ಕೊಡುವುದಿಲ್ಲವೇ?


ಹಳೆಯ ಪಿಪೆಟ್

ಜೋಳದ ಲೆಕ್ಕ ವೈರಸ್‌ಗೆ ಹೊಂದುವುದಿಲ್ಲ. ಹೊಲಿಗೆ ಎಲ್ಲಿ ಬೀಳುತ್ತದೆ ಎನ್ನುವುದು ಗುರಿಯಿಟ್ಟು ಆಗುವ ಕೆಲಸವಲ್ಲ. ಪ್ರೋಟೀನಿನ ಅರ್ಧ ಇಲ್ಲಿಯದು, ಅರ್ಧ ಅಲ್ಲಿಯದು ಎಂದಾದರೆ ಬಹುಪಾಲು ಅದು ಕೆಲಸಕ್ಕೆ ಬಾರದೆ ಸಾಯುತ್ತದೆ. ನಮಗೆ ಕಾಣುವುದು ಉಳಿದುಕೊಂಡವು ಮಾತ್ರ.

ನೆದರ್ಲೆಂಡ್ಸ್ ಸುದ್ದಿ 2022ರದು, ಮತ್ತು ನಿಮ್ಮ ವಾದಕ್ಕೆ ಅದು ತಿರುಗುಬಾಣ. ವಿಬಿ ಎಂದು ಹೆಸರಿಟ್ಟ ಆ ತಳಿ 109 ಜನರಲ್ಲಿ ಸಿಕ್ಕಿತು. ಚಿಕಿತ್ಸೆ ಇಲ್ಲದಿದ್ದಾಗ ಅವರ ಸಿಡಿ4 ಕಣಗಳು (ರೋಗನಿರೋಧಕ ಶಕ್ತಿಯ ಬಿಳಿ ರಕ್ತಕಣಗಳು) ಉಳಿದವರಿಗಿಂತ ಇಮ್ಮಡಿ ವೇಗದಲ್ಲಿ ಇಳಿಯುತ್ತಿದ್ದವು. ಅದು ಬೆರಕೆಯಿಂದ ಬಂದದ್ದಲ್ಲ, ಸಬ್‌ಟೈಪ್ ಬಿಯೊಳಗೆ ಒಂದೊಂದೇ ಅಕ್ಷರ ಬದಲಾಗುತ್ತ 1990ರ ದಶಕದಲ್ಲಿ ರೂಪುಗೊಂಡದ್ದು ಎಂದು ಸಂಶೋಧಕರೇ ಬರೆದಿದ್ದಾರೆ. ಮಾತ್ರೆ ಶುರುಮಾಡಿದಮೇಲೆ ಅವರೂ ಉಳಿದವರ ಹಾಗೆಯೇ ಚೇತರಿಸಿಕೊಂಡರು.

ಇನ್ನು ‘ಶುದ್ಧ ತಳಿ, ಬೆರಕೆ ತಳಿ’ ಎಂಬ ಭಾಷೆಯೇ ನನಗೆ ಹಿಡಿಸುವುದಿಲ್ಲ. ಎಚ್‌ಐವಿ–1 (ಇಲ್ಲಿಯವರೆಗೆ ಮಾತಾಡಿದ್ದು ಇದರ ಬಗ್ಗೆಯೇ) ಮನುಷ್ಯರಿಗೆ ಬಂದದ್ದು ಚಿಂಪಾಂಜಿಗಳಿಂದ. ಚಿಂಪಾಂಜಿಯ ವೈರಸ್ ಸ್ವತಃ ಬೇರೆ ಬೇರೆ ಜಾತಿಯ ಕೋತಿಗಳ ಎರಡು ವೈರಸ್ ಬೆರೆತು ಹುಟ್ಟಿದ್ದು ಎಂದು 2003ರಲ್ಲಿ ತಿಳಿಯಿತು. ಚಿಂಪಾಂಜಿಗಳು ಕೋತಿಗಳನ್ನು ಬೇಟೆಯಾಡಿ ತಿನ್ನುತ್ತವೆ. ಮೂಲಪುರುಷನೇ ಬೆರಕೆ! ಥಾಯ್ಲೆಂಡಿನಲ್ಲಿ ಹಬ್ಬಿದ 01_ಎಇಯಲ್ಲಿ ‘ಇ’ ಎನ್ನುವ ಭಾಗ ಇದೆಯಲ್ಲ, ಅದರ ಶುದ್ಧ ರೂಪ ಇಂದಿಗೂ ಯಾರಿಗೂ ಸಿಕ್ಕಿಲ್ಲ. 2010ರಿಂದ 2015ರ ಜಾಗತಿಕ ಲೆಕ್ಕದಲ್ಲಿ ಐದು ಸೋಂಕುಗಳಲ್ಲಿ ಒಂದಕ್ಕಿಂತ ಹೆಚ್ಚು ಇಂಥ ಮರುಸಂಯೋಜಿತ ತಳಿಗಳದು. ಆ ರೋಗಿಗಳೂ ಉಳಿದವರು ನುಂಗುವ ಮಾತ್ರೆಗಳನ್ನೇ ನುಂಗುತ್ತಾರೆ.


ರಾತ್ರಿ ಪಾಳಿ

ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಕೇಂದ್ರದಲ್ಲಿ ವೈದ್ಯೆಯಾಗಿದ್ದೇನೆ. ಮಾತ್ರೆಯ ಭಾಗ ನಾನು ಹೇಳುತ್ತೇನೆ.

ಸಬ್‌ಟೈಪ್ ಯಾವುದು ಎಂದು ನೋಡಿ ನಾವು ಮಾತ್ರೆ ಬರೆಯುವುದಿಲ್ಲ, ಆ ಅಗತ್ಯವೂ ಇಲ್ಲ. ನನಗೆ ಬೆರಕೆಯ ಚಿಂತೆ ಒಂದೇ ಕಾರಣಕ್ಕೆ: ಔಷಧ ನಿರೋಧ. ಗಂಡ ಮಾತ್ರೆ ಬಿಟ್ಟು ಬಿಟ್ಟು ನುಂಗಿ ಅವನ ವೈರಸ್‌ನಲ್ಲಿ ಎಂ184ವಿ ಎಂಬ ಬದಲಾವಣೆ ಬಂದಿದೆ ಎನ್ನಿ; ಅದು ಲ್ಯಾಮಿವುಡಿನ್‌ಗೆ ಬಗ್ಗುವುದಿಲ್ಲ. ಹೆಂಡತಿಯ ವೈರಸ್‌ನಲ್ಲಿ ಕೆ65ಆರ್ ಬಂದಿದೆ. ಅದು ಟೆನೊಫೊವಿರ್‌ಗೆ ಜಗ್ಗುವುದಿಲ್ಲ. (ಸಬ್‌ಟೈಪ್ ಸಿಯಲ್ಲಿ ಕೆ65ಆರ್ ಸ್ವಲ್ಪ ಬೇಗ ಬರುವ ಪ್ರವೃತ್ತಿ ಇದೆ.) ಬೇರೆ ಬೇರೆ ಇದ್ದಾಗ ಒಂದೊಂದು ಔಷಧಕ್ಕೆ ಒಂದೊಂದು. ಒಂದೇ ಜೀನೋಮಿನಲ್ಲಿ ಎರಡೂ ಬಂದು ಕೂತರೆ ಟಿಎಲ್‌ಡಿ ಮಾತ್ರೆಯಲ್ಲಿರುವ ಮೂರು ಔಷಧಗಳಲ್ಲಿ (ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್) ಡೊಲುಟೆಗ್ರಾವಿರ್ ಒಂದೇ ಪೂರ್ತಿ ಹೊರೆ ಹೊರಬೇಕು. ಅದು ಗಟ್ಟಿ ಔಷಧ, ಇಂಥ ಸ್ಥಿತಿಯಲ್ಲೂ ಹೆಚ್ಚಿನವರಲ್ಲಿ ವೈರಸ್‌ನ್ನು ಹತೋಟಿಯಲ್ಲಿಟ್ಟಿದ್ದನ್ನು ಆಫ್ರಿಕಾದ ನಾಡಿಯಾ ಅಧ್ಯಯನ ತೋರಿಸಿತು. ಹಾಗೆಂದು ಅದನ್ನು ಒಂಟಿಯಾಗಿ ಬಿಡಲು ನನಗೆ ಇಷ್ಟವಿಲ್ಲ.

ಆದರೆ ನೋಡಿ, ಟೆನೊಫೊವಿರ್, ಲ್ಯಾಮಿವುಡಿನ್ ಹೊಡೆಯುವುದು ಪಿಪೆಟ್ ಸರ್ ಹೇಳಿದ ಆ ಬರೆಯುವ ಕಿಣ್ವವನ್ನೇ. ಮಾತ್ರೆ ಸರಿಯಾಗಿ ನುಂಗುವವರಲ್ಲಿ ಬರವಣಿಗೆಯೇ ನಿಂತಿರುತ್ತದೆ, ಜಿಗಿಯುವುದು ಎಲ್ಲಿಂದ? ವೈರಲ್ ಲೋಡ್ ಕಂಡುಬರದ ಸಂಗಾತಿಯಿಂದ ಲೈಂಗಿಕ ಸಂಪರ್ಕದಲ್ಲಿ ವೈರಸ್ ದಾಟುವುದೂ ಇಲ್ಲ. ಆದ್ದರಿಂದ ಘಟಪ್ರಭಾ ಮೇಡಂ, ನಾನಾಗಿದ್ದರೆ ಆ ದಂಪತಿಗೆ ಹೀಗೆ ಹೇಳುತ್ತಿದ್ದೆ: “ನಿಮ್ಮಿಬ್ಬರ ವೈರಲ್ ಲೋಡ್ ವರದಿ ತನ್ನಿ. ಇಬ್ಬರದೂ ಕಂಡುಬರದ ಮಟ್ಟದಲ್ಲಿದ್ದರೆ ಈ ಒಂದು ಭಯವನ್ನು ಬದಿಗಿಡಿ. ಒಬ್ಬರದಾದರೂ ಏರಿದ್ದರೆ, ಅಥವಾ ಒಬ್ಬರು ದುಡಿಯಲು ಹೊರಗೆ ಹೋಗಿ ತಿಂಗಳುಗಟ್ಟಲೆ ಮಾತ್ರೆ ತಪ್ಪಿಸಿದ್ದರೆ, ಅದು ಇಳಿಯುವವರೆಗೆ ಕಾಂಡೋಮ್ ಬೇಕೇ ಬೇಕು.” ಸಿಫಿಲಿಸ್, ಗೊನೊರಿಯಾ ತಡೆಯಲು, ಮಗು ಬೇಡವೆಂದಿದ್ದರೆ ಅದಕ್ಕೂ, ಕಾಂಡೋಮ್ ಬೇಕಾಗುತ್ತದೆ. ಆ ಕಾರಣಗಳನ್ನು ಅವುಗಳ ಹೆಸರಿನಲ್ಲೇ ಹೇಳಿ. ಎಲ್ಲವನ್ನೂ ಹೊಸ ತಳಿಯ ತಲೆಗೆ ಕಟ್ಟಬೇಡಿ.


ಘಟಪ್ರಭಾ ದಂಡೆ

ಎಲ್ಲರಿಗೂ ಧನ್ಯವಾದ. ಕಬ್ಬಿನ ಹಂಗಾಮಿನಲ್ಲಿ ಇವರು ತಿಂಗಳುಗಟ್ಟಲೆ ಊರಿಂದ ಹೊರಗೆ ಇರುತ್ತಾರೆ, ಆಗ ಮಾತ್ರೆ ತಪ್ಪುವುದು ನಿಜ. ಕೇಳಬೇಕಾದದ್ದು ಅದನ್ನೇ ಎಂದು ಈಗ ಸ್ಪಷ್ಟವಾಯಿತು. ಮುಂದಿನ ಸಲ ಬರುವಾಗ ಇಬ್ಬರ ವರದಿಯನ್ನೂ ತರಿಸುತ್ತೇನೆ. ಹಂಗಾಮಿಗೆ ಹೊರಡುವ ಮುಂಚೆ ಒಟ್ಟಿಗೆ ಕೆಲವು ತಿಂಗಳ ಮಾತ್ರೆ ಕೊಡಲು ಸಾಧ್ಯವೇ ಎಂದು ನಮ್ಮ ಎಆರ್‌ಟಿ ಕೇಂದ್ರದಲ್ಲಿ ವಿಚಾರಿಸುತ್ತೇನೆ.

ಇನ್ನೊಂದು ಪ್ರಶ್ನೆ ಉಳಿದಿದೆ. ಗೋವಾದಲ್ಲಿ ಕೆಲಸ ಮಾಡಿ ಬಂದ ಒಬ್ಬರ ಕಾರ್ಡಿನಲ್ಲಿ ‘ಎಚ್‌ಐವಿ–1 ಮತ್ತು 2’ ಎಂದು ಬರೆದಿದೆ. ಇವೆರಡೂ ಬೆರೆಯುತ್ತವೆಯೇ?


ಹಳೆಯ ಪಿಪೆಟ್

ಎರಡೂ ಇರುವ ರೋಗಿಗಳು ಪಶ್ಚಿಮ ಆಫ್ರಿಕಾದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ನಮ್ಮ ಪಶ್ಚಿಮ ಕರಾವಳಿಯಲ್ಲೂ ಕೆಲವರು ಸಿಗುತ್ತಾರೆ. ಆದರೂ 1 ಮತ್ತು 2 ಬೆರೆತ ವೈರಸ್ ಯಾವ ರೋಗಿಯಲ್ಲೂ ಕಂಡದ್ದಿಲ್ಲ. ಎರಡರ ಮೂಲವೇ ಬೇರೆ. 2 ಬಂದದ್ದು ಸೂಟಿ ಮ್ಯಾಂಗಬೀ ಎಂಬ ಕೋತಿಯಿಂದ. ಎರಡರ ಪಾಠಗಳ ನಡುವೆ ಅಂತರ ತುಂಬಾ ಹೆಚ್ಚು.


ರಾತ್ರಿ ಪಾಳಿ

ಬೆರೆಯದಿದ್ದರೂ ಆ ಕಾರ್ಡನ್ನು ಎರಡು ಸಲ ನೋಡಿ. ಕಿಟ್‌ನಲ್ಲಿ ಎರಡೂ ಗೆರೆ ಮೂಡಿದ್ದು ಕೆಲವೊಮ್ಮೆ ಅಡ್ಡ ಪ್ರತಿಕ್ರಿಯೆ ಮಾತ್ರ ಆಗಿರಬಹುದು, ದೃಢೀಕರಣ ಪರೀಕ್ಷೆ ಆಗಿದೆಯೇ ಕೇಳಿ. ನಿಜವಾಗಿ 2 ಇದ್ದರೆ ನೆವಿರಪಿನ್, ಎಫಾವಿರೆಂಜ್ ಅದರ ಮೇಲೆ ಕೆಲಸ ಮಾಡುವುದಿಲ್ಲ, ಡೊಲುಟೆಗ್ರಾವಿರ್ ಮಾಡುತ್ತದೆ. ಹಳೆಯ ಮಾತ್ರೆಯಲ್ಲೇ ಉಳಿದಿದ್ದಾರೆಯೇ ನೋಡಿ. ಮತ್ತು ಸಾಮಾನ್ಯವಾಗಿ ಮಾಡಿಸುವ ವೈರಲ್ ಲೋಡ್ ಪರೀಕ್ಷೆ ಅಳೆಯುವುದು ಎಚ್‌ಐವಿ–1ನ್ನು ಮಾತ್ರ. ವರದಿಯಲ್ಲಿ ‘ಕಂಡುಬಂದಿಲ್ಲ’ ಎಂದಿದ್ದರೂ 2ರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅವರ ಸಿಡಿ4 ಇಳಿಯುತ್ತಿದ್ದರೆ ಈ ವಾರವೇ ನಿಮ್ಮ ಕೇಂದ್ರದ ವೈದ್ಯರ ಬಳಿ ಕಳುಹಿಸಿ.